ಹುಣಸೆ ಮರದ ಕೆಳಗಿನ ಒಡಹುಟ್ಟಿದವರು

ಅಮಾವಾಸ್ಯೆ ಬಂತೆಂದರೆ ನಾನು ಶಾಲೆ ತಪ್ಪಿಸಬೇಕಿತ್ತು. ಮರುದಿನ ಮಾಸ್ತರು ಕಾರಣ ಕೇಳಿದರೆ "ಜ್ವರ ಬಂದಿತ್ರಿ ಸಾ" ಅನ್ನುತ್ತಿದ್ದೆ. ತಿಂಗಳಿಗೊಮ್ಮೆ, ಅದೂ ಪಂಚಾಂಗ ನೋಡಿಕೊಂಡು ಬರುವ ಜ್ವರ ಯಾವ ಜಾತಿಯದು ಅಂತ ಅವರು ಒಮ್ಮೆಯೂ ಕೇಳಲಿಲ್ಲ. ಅವರಿಗೆ ಗೊತ್ತಿತ್ತು. ಗೆಳತಿಯರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲ ಅಂತ ನಾನು ಅಂದುಕೊಂಡಿದ್ದೆ.

ಜ್ವರ ಏನೂ ಇರಲಿಲ್ಲ, ನನಗೊಬ್ಬ ತಮ್ಮ ಇದ್ದ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ವರ್ಷ ನನಗೆ ಹನ್ನೊಂದು, ಅವನಿಗೆ ಒಂಬತ್ತು. ಒಂಬತ್ತು ತುಂಬಿದರೂ ಅವ್ವನನ್ನು ಅವನು ಅವ್ವ ಅಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಜೋಳದ ಚೀಲದ ಮುಂದೆ ಕುಂತು ಹಿಡಿ ಹಿಡಿಯಾಗಿ ಎತ್ತಿ, ಬೆರಳ ಸಂದಿಯಿಂದ ಕಾಳು ಸುರಿಯುವುದನ್ನು ನೋಡುತ್ತಾ ಮಧ್ಯಾಹ್ನವನ್ನೆಲ್ಲಾ ಕಳೆಯುತ್ತಿದ್ದ. ಬಾಗಿಲ ಬಿಸಿಲು ಅವನ ಮಂಡಿ ಮೇಲೆ ಬಂದು, ಮೆಲ್ಲಗೆ ಗೋಡೆ ಹತ್ತಿ ಹೋಗುತ್ತಿತ್ತು. ನಾನೂ ಪಕ್ಕದಲ್ಲಿ ಕುಂತು ನೋಡುತ್ತಿದ್ದೆ. ನಿಜ ಹೇಳಬೇಕಂದರೆ ಅದು ಚೆಂದವೇ ಇತ್ತು.

ದೊಡ್ಡ ಊರಿನ ಡಾಕ್ಟರೊಬ್ಬರು ಅವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, "ಇದಕ್ಕೆ ಔಷಧ ಇಲ್ಲಮ್ಮ, ಪ್ರೀತಿಯಿಂದ ನೋಡ್ಕೊಳ್ಳಿ" ಅಂದಿದ್ದರಂತೆ. ಅವ್ವ ಹೊರಗೆ ಬಂದವಳೇ, "ಹೆತ್ತ ಮಗನ್ನ ಪ್ರೀತಿ ಮಾಡೂದ ಇವ್ರ ಕಡಿಂದ ಕಲೀಬೇಕಾ ನಾನು? ಚೀಟಿ ಬರಕೊಡು ಅಂದ್ರ ಬುದ್ಧಿ ಹೇಳ್ತಾನ!" ಅಂತ ಬಸ್‌ಸ್ಟ್ಯಾಂಡಿನವರೆಗೂ ಬೈದುಕೊಂಡು ಬಂದಳಂತೆ. ಆ ಬಾಯಿ ನನಗೂ ಬಂದಿದೆ, ಏನು ಮಾಡೋದು.

ಅಪ್ಪ ಕೊಟ್ಟೂರಿನ ಶೇಂಗಾ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಯಾರೋ ಹೇಳಿದರು, ಕೋಗಳಿ ದಾಟಿ ಒಳಗೆ ಹೋದರೆ ಒಂದು ಸಣ್ಣ ಹಳ್ಳಿ ಐತಿ, ಅಲ್ಲೊಬ್ಬ ಮುದುಕ ಬೇರು ತೇಯ್ದು ಕೊಡ್ತಾನ, ಮಾತು ಬರದವರಿಗೆ ಮಾತು ಬಂದಾವ ಅಂತ. ಯಾರಿಗೆ ಬಂದವು, ಎಲ್ಲಿ ಬಂದವು ಅಂತ ಕೇಳುವ ಸ್ಥಿತಿಯಲ್ಲಿ ನಮ್ಮ ಮನೆ ಇರಲಿಲ್ಲ.

ಮುದುಕ ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ ಸಾಕು. ಬಿಳಿ ಗಡ್ಡ, ಮೆಲು ಮಾತು. ಅವನನ್ನು ಮೋಸಗಾರ ಅನ್ನೋಕೆ ನನಗೆ ಈಗಲೂ ಬಾಯಿ ಬರುವುದಿಲ್ಲ, ತಾನು ಕೊಡುವುದನ್ನು ತಾನೇ ನಂಬಿದ್ದ ಮನುಷ್ಯ. ಹನ್ನೊಂದು ಅಮಾವಾಸ್ಯೆ ಬಿಡದೆ ಬರಬೇಕು, ಖಾಲಿ ಹೊಟ್ಟೆಯಲ್ಲಿ ನಾಲಿಗೆಗೆ ಔಷಧಿ ಹಚ್ಚಿಸಿಕೊಳ್ಳಬೇಕು. ಅದಕ್ಕೊಂದು ಕಟ್ಟಳೆ ಇತ್ತು. ಔಷಧಿ ನಾಲಿಗೆಗೆ ತಾಗಿದ ಗಳಿಗೆಯಿಂದ ಮನೆಯ ಹೊಸ್ತಿಲು ದಾಟುವ ತನಕ, ಅದೇ ಹೊಟ್ಟೆಯಲ್ಲಿ ಹುಟ್ಟಿದ ಇನ್ನೊಂದು ಮಗು ಕೈ ಹಿಡಿದಿರಬೇಕು. ಅಪ್ಪ ಅವ್ವ ಹಿಡಿದರೆ ನಡೆಯದು.

"ಒಂದಾ ಬಸಿರಾಗ ಬಂದ ರಕ್ತ ಜೋಡಿ ಇರಬೇಕವ್ವಾ," ಅಂದ ಮುದುಕ, ನನ್ನ ಮುಖವನ್ನೇ ನೋಡುತ್ತಾ. "ನಡುವ ಒಂದು ಗಳಿಗಿ ಬಿಟ್ರೂ ಔಷಧಿ ಭೂಮಿಗೆ ಇಳದು ಹೋಗತೈತಿ."

ಅಲ್ಲಿಗೆ ನನ್ನ ತಮ್ಮನ ಮಾತು ನನ್ನ ಎಡಗೈಗೆ ಬಂತು. ಹನ್ನೊಂದು ವರ್ಷದ ಹುಡುಗಿಯ ಕೈ ಅದು, ಬಳೆ ಹಾಕಿದರೆ ಜಾರಿ ಬೀಳುವಷ್ಟು ಸಣ್ಣದು.

ಬೆಳಿಗ್ಗೆ ಒಂಬತ್ತಕ್ಕೆಲ್ಲಾ ಔಷಧಿ ಮುಗಿಯುತ್ತಿತ್ತು. ವಾಪಸ್ ಬಸ್ಸು ನಾಲ್ಕು ಗಂಟೆಗೆ. ಅಷ್ಟು ಹೊತ್ತೂ ಊರ ಹೊರಗಿನ ದೊಡ್ಡ ಹುಣಸೆ ಮರದ ಕೆಳಗೆ ಕೂಡಬೇಕು. ಕೂಡ್ಲಿಗಿ ಕಡೆಯವರು, ಹಡಗಲಿಯವರು, ಹರಪನಹಳ್ಳಿಯವರು, ಎಲ್ಲ ಸೇರಿ ಏಳೆಂಟು ಮನೆಯವರು ಬರುತ್ತಿದ್ದರು. ಈಗ ನೆನೆಸಿಕೊಂಡರೆ ಹನ್ನೊಂದು ಅಮಾವಾಸ್ಯೆಗಳೂ ಒಂದೇ ಹಗಲಾಗಿ ಕಲಸಿಹೋಗಿವೆ. ಒಂದೇ ಮರದಲ್ಲಿ ಹೂವೂ ಇದೆ, ಕಾಯಿಯೂ ಇದೆ. ಒಂದು ಕಡೆ ಮಳೆಯ ಹನಿ ಎಲೆಯಿಂದ ತೊಟ್ಟಿಕ್ಕುತ್ತಿದೆ, ಇನ್ನೊಂದು ಕಡೆ ಬೇಸಿಗೆಯ ಬಿಸಿಗಾಳಿಗೆ ದೂರದ ಎರೆಹೊಲ ನೀರಿನ ಹಾಗೆ ಅಲುಗುತ್ತಿದೆ. ತಾಯಂದಿರು ಒಂದು ಮಗ್ಗುಲಿಗೆ ಬುತ್ತಿ ಬಿಚ್ಚಿ, ರೊಟ್ಟಿ ಮೇಲೆ ಒಬ್ಬರ ಚಟ್ನಿ ಒಬ್ಬರಿಗೆ ಹಾಕುತ್ತಾ, ಅಳುವುದು ನಗುವುದು ಎರಡನ್ನೂ ಒಟ್ಟಿಗೇ ಮಾಡುತ್ತಿದ್ದಾರೆ. ಅವರ ದನಿ ನಿದ್ದೆಯೊಳಗೆ ಕೇಳಿದಂತೆ ಬರುತ್ತಿದೆ.

ಇನ್ನೊಂದು ಮಗ್ಗುಲಿಗೆ ನಾವು, ಜೋಡಿ ಜೋಡಿ.

ನಮಗೆಲ್ಲರಿಗೂ ಒಂದೊಂದೇ ಕೈ. ಇನ್ನೊಂದು ಕೈ ಔಷಧಿಗೆ ಹೋಗಿತ್ತು. ಒಂದೇ ಕೈಯಲ್ಲಿ ರೊಟ್ಟಿ ಮುರಿಯುವುದು, ಒಂದೇ ಕೈಯಲ್ಲಿ ಶೇಂಗಾ ಹಲ್ಲಿಗೆ ಕೊಟ್ಟು ಒಡೆಯುವುದು, ಒಂದಕ್ಕೆ ಹೋಗಬೇಕಾದರೂ ಜೋಡಿಯಾಗಿ ಬೇಲಿ ಮರೆಗೆ ಹೋಗುವುದು. ಅಯ್ಯ ಶಿವನೇ, ಎಂಥೆಂಥ ಪಾಡು! ಆಟ ಅಂದರೆ ಕಲ್ಲಾಟ ಒಂದೇ. ಐದು ಕಲ್ಲು ಹಾಕಿ, ಒಂದನ್ನು ಮೇಲೆ ತೂರಿ, ಅದು ಬೀಳುವಷ್ಟರಲ್ಲಿ ಉಳಿದದ್ದನ್ನು ಬಾಚುವುದು. ಬಲಗೈಯಲ್ಲಿ ನಾನು ಎಷ್ಟು ಚುರುಕಾದೆನೆಂದರೆ ಶಾಲೆಯಲ್ಲಿ ಯಾರೂ ನನ್ನ ಮುಂದೆ ನಿಲ್ಲುತ್ತಿರಲಿಲ್ಲ. ಎಲ್ಲಿ ಕಲಿತೆ ಅಂತ ಕೇಳಿದರೆ "ಸೋದರತ್ತಿ ಊರಾಗ" ಅನ್ನುತ್ತಿದ್ದೆ.

ತಂಬ್ರಹಳ್ಳಿಯಿಂದ ಬರುತ್ತಿದ್ದ ಹುಡುಗನಿಗೆ ಹತ್ತು ವರ್ಷ. ಅವನು ಹಿಡಿದುಕೊಂಡಿದ್ದ ಅಣ್ಣನಿಗೆ ಹದಿನಾರು, ಮೀಸೆ ಚಿಗುರಿತ್ತು, ಇವನ ಎರಡರಷ್ಟು ಎತ್ತರ. ಮೊದಲ ಸಲ ನಮ್ಮ ಹತ್ತಿರ ಬಂದು ಕುಂತವನೇ, ನನ್ನ ತಮ್ಮನ ಕಡೆ ಗದ್ದ ಎತ್ತಿ ಕೇಳಿದ: "ನಿಮ್ಮವ ಏನು ಮಾಡ್ತಾನ?"

ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅಯ್ಯೋ ಪಾಪ ಅಂದವರಿದ್ದರು, ಏನು ಕರ್ಮವೋ ಅಂದವರಿದ್ದರು. ಏನು ಮಾಡ್ತಾನೆ ಅಂತ ಯಾರು ಕೇಳಿದ್ದರು?

"ಜೋಳ ಸುರೀತಾನ," ಅಂದೆ. "ಮೊನ್ನೆ ಅಪ್ಪನ ಹೊಸ ಚಪ್ಪಲಿ ಬಾವಿಗೆ ಹಾಕ್ಯಾನ."

"ಅಷ್ಟಾ? ನಮ್ಮಣ್ಣ ಬೀಗರ ತಲಿ ಪಟಗಾನ ಒಲಿಗೆ ಹಾಕ್ಯಾನ. ಬೀಗ್ರು ಊಟಕ್ಕ ಕುಂತಾರ, ಒಲ್ಯಾಗ ಪಟಗ ಉರೀತೈತಿ!"

ಯಪ್ಪಾ, ಆವತ್ತು ನಕ್ಕಿದ್ದು! ಹೊಟ್ಟೆ ಹಿಡಿದುಕೊಳ್ಳೋಣವೆಂದರೆ ಕೈ ಒಂದೇ. ಅಲ್ಲಿಂದ ಅದೇ ನಮ್ಮ ಪಂದ್ಯವಾಯಿತು, ಯಾರವರದು ಹೆಚ್ಚು ಅಂತ. ಒಬ್ಬಳು ಸುಣ್ಣ ತಿಂದಾಳ ಅಂದರೆ, ಇನ್ನೊಬ್ಬಳು ಸೀಮೆಎಣ್ಣೆ ಚೆಲ್ಲ್ಯಾಳ. ಮನೆಯಲ್ಲಿ ಇವಕ್ಕೆ ನಕ್ಕರೆ ಅವ್ವನ ಕೈಯ ಏಟು ಬೀಳುತ್ತಿತ್ತು, ಊರಲ್ಲಿ ಹೇಳಿಕೊಂಡರೆ ಮಾನ ಹೋಗುತ್ತಿತ್ತು. ಹುಣಸೆ ಮರದ ಕೆಳಗೆ ಮಾತ್ರ ನಾವು ರಾಜರು. ನಾವು ನಗುವಾಗ ನನ್ನ ತಮ್ಮ ಉದುರಿದ ಹುಣಸೆ ಎಲೆಗಳನ್ನು ಹಿಡಿಯಲ್ಲಿ ಎತ್ತಿ ಸುರಿಯುತ್ತಿದ್ದ. ಎಲೆಗಳು ಎಷ್ಟು ಹಗುರವೆಂದರೆ ಬೀಳಲೋ ಬೇಡವೋ ಎಂಬಂತೆ ಇಳಿಯುತ್ತಿದ್ದವು.

ಮೂರನೆಯ ಅಮಾವಾಸ್ಯೆಯಂದು ನಾನು ಕೈ ಬಿಟ್ಟೆ.

ನಾಲ್ಕರ ಬಸ್ಸು ಹತ್ತಿದ್ದೆವು. ಅವ್ವ ಬುಟ್ಟಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ, ನಾನೂ ತಮ್ಮನೂ ಮುಂದಿನದರಲ್ಲಿ. ಬಸ್ಸಿನ ಸದ್ದಿಗೆ ಸರಿಯಾಗಿ ಅವನು ಹುಂ ಹುಂ ಅಂತ ದನಿ ಮಾಡುತ್ತಾ ಕಿಟಕಿಗೆ ಹಣೆ ಕೊಟ್ಟಿದ್ದ. ಮುಂದಿನ ಊರಿನಲ್ಲಿ ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಹತ್ತಿದರು, ಮೊನ್ನೆಯ ಯಾವುದೋ ಮದುವೆ ಮುಗಿಸಿಕೊಂಡು, ತಲೆತುಂಬ ಹಡಗಲಿ ಮಲ್ಲಿಗೆ ಮುಡಿದುಕೊಂಡು. "ಏ, ಇವತ್ತೂ ಜ್ವರ ಏನಲೇ!" ಅಂತ ಒಬ್ಬಳು ಕೂಗಿದಳು.

ನನ್ನ ಎಡಗೈ ತಾನಾಗಿ ಬಂದು ನನ್ನ ಮಡಿಲಲ್ಲಿ ಕುಂತಿತು. ತಾನಾಗಿ ಅನ್ನುತ್ತೇನೆ, ಸುಳ್ಳು. ನಾನೇ ತೆಗೆದೆ. ತೆಗೆದು, ತಮ್ಮನಿಗೆ ಬೆನ್ನು ಕೊಟ್ಟು, ದಾರಿಯ ಕಡೆ ತಿರುಗಿ ಕುಂತೆ, ಪಕ್ಕದ ಹುಡುಗ ಯಾರದೋ ಮನೆಯವನು ಎಂಬಂತೆ. ಮದುವೆಯಲ್ಲಿ ಏನೇನು ಮಾಡಿದ್ದರು ಅಂತ ಅವರು ಹೇಳುತ್ತಾ ಹೋದರು, ನಾನು ಕೇಳುತ್ತಾ ಹೋದೆ. ಹೇಳಲಿಕ್ಕೆ ನಾಚಿಕೆ, ಆದರೂ ಹೇಳುತ್ತೇನೆ, ಆ ಅರ್ಧ ಗಂಟೆ ನನಗೆ ಬಹಳ ಹಿತವಾಗಿತ್ತು. ಕಿಟಕಿಯ ಗಾಳಿಗೆ ಮಲ್ಲಿಗೆ ವಾಸನೆ ಬರುತ್ತಿತ್ತು. ನಾನೂ ಎಲ್ಲರಂತೆ ಮದುವೆಯಿಂದ ಬರುತ್ತಿದ್ದೇನೆ ಅನ್ನಿಸಿತ್ತು.

ಕೊಟ್ಟೂರು ಬಂದು ಅವರು ಮುಂಚೆ ಇಳಿದ ಮೇಲೆ ತಿರುಗಿ ನೋಡಿದೆ. ನಾನು ಬಿಟ್ಟ ಕೈ ಬಿಟ್ಟಲ್ಲೇ ಇತ್ತು, ಅಂಗೈ ಮೇಲಾಗಿ. ಬಿಟ್ಟದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಅವ್ವ ಸೆರಗು ಹೊದ್ದು ಕಿಟಕಿ ಕಡೆ ಮುಖ ಮಾಡಿದ್ದಳು, ತೂಕಡಿಸುತ್ತಿದ್ದಾಳೆ ಅಂದುಕೊಂಡೆ. ಲಗುಬಗೆಯಿಂದ ಕೈ ಹಿಡಿದು ಇಳಿಸಿದೆ.

ಆಮೇಲಿನ ಎಂಟು ತಿಂಗಳು ನನ್ನ ಪಾಡು ಯಾರಿಗೂ ಬೇಡ. ದಿನಾ ಸಂಜೆ ಅವ್ವ ದೀಪ ಹಚ್ಚಿ ತಮ್ಮನ ಮುಂದೆ ಕುಕ್ಕರಗಾಲಲ್ಲಿ ಕುಂತು, ಅವನ ಗದ್ದ ಹಿಡಿದು "ಅವ್ವ ಅನ್ನು ಕೂಸೇ, ಅವ್ವ... ಅವ್ವ..." ಅನ್ನುವಳು. ಅವನು ದೀಪ ನೋಡುತ್ತಿದ್ದ. ನಾನು ನೀರು ತರುವ ನೆವ ಮಾಡಿ ಹಿತ್ತಲಿಗೆ ಓಡುತ್ತಿದ್ದೆ. ಹೇಳಿಬಿಡೋಣವೆಂದರೆ, ಹನ್ನೊಂದೂ ಮತ್ತೆ ಮೊದಲಿಂದ ಆಗಬೇಕು, ಅವ್ವ ಎದೆ ಒಡಕೊಂಡಾಳು. ಹೇಳದಿದ್ದರೆ, ತಮ್ಮನ ಮಾತನ್ನು ಬಸ್ಸಿನ ನೆಲದ ಮೇಲೆ ಚೆಲ್ಲಿ ಬಂದವಳು ನಾನು. ಊಟ ಸೇರುತ್ತಿರಲಿಲ್ಲ. "ಇದಕ್ಕೇನಾತು, ಇದೂ ಸೊರಗಾಕತ್ತೈತಿ," ಅಂತ ಅವ್ವ ನನಗೂ ದೃಷ್ಟಿ ತೆಗೆದಳು. ಉಳಿದ ಅಮಾವಾಸ್ಯೆಗಳಲ್ಲಿ ಅವನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆನೆಂದರೆ ಬೆರಳುಗಳ ಗುರುತು ಬೀಳುತ್ತಿತ್ತು, ಪಾಪದವನಿಗೆ.

ಕಾಯಿಸಿ ಕಥೆ ಹೇಳುವುದು ನನಗೆ ಬರುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ: ತಮ್ಮನಿಗೆ ಮಾತು ಬರಲಿಲ್ಲ. ಆವತ್ತೂ ಇಲ್ಲ, ಆಮೇಲೂ ಇಲ್ಲ.

ಹನ್ನೊಂದನೆಯ ಅಮಾವಾಸ್ಯೆಯಂದೂ ಹುಣಸೆ ಮರದ ಕೆಳಗೆ ಜೋಡಿ ಜೋಡಿ ಕುಂತೆವು. ನಮ್ಮದು ಅವತ್ತಿಗೆ ಕೊನೆ, ತಂಬ್ರಹಳ್ಳಿಯವನದೂ ಕೊನೆ. ಕಲ್ಲು ಹಾಕಿದರೂ ಯಾರೂ ತೂರಲಿಲ್ಲ. ಆಗ ಅವನು ಮಣ್ಣಿನಲ್ಲಿ ಗೆರೆ ಎಳೆಯುತ್ತಾ, ತಲೆ ಎತ್ತದೆ ಅಂದ: "ನಾನು ಬಿಟ್ಟೀನಿ. ಎರಡು ಸಲ. ನಮ್ಮಣ್ಣಗ ಮಾತು ಬರಲ್ಲ. ನನ್ನಿಂದಾನೇ."

"ನಾನೂ ಬಿಟ್ಟೀನಿ," ಅಂದೆ. ಕೂಡ್ಲಿಗಿ ಕಡೆಯವಳು ಅಳುತ್ತಾ ತಾನು ನಿದ್ದೆ ಹೋಗಿ ಬಿಟ್ಟದ್ದು ಹೇಳಿದಳು. ಇನ್ನೊಬ್ಬಳು ಜಗಳಾಡಿ, ಬೇಕಂತಲೇ ಬಿಟ್ಟಿದ್ದಳು. ನೋಡುತ್ತಾ ನೋಡುತ್ತಾ ಎಲ್ಲರೂ ಒಪ್ಪಿಕೊಂಡೆವು. ಎಲ್ಲರೂ ಒಳಗೊಳಗೇ ಇದನ್ನೇ ಇಟ್ಟುಕೊಂಡು, ತಿಂಗಳಿಗೊಮ್ಮೆ ಬಂದು, ಪಟಗದ ಕಥೆ ಹೇಳಿ ನಕ್ಕು ಹೋಗುತ್ತಿದ್ದೆವು.

ಒಬ್ಬಳು ಮಾತ್ರ ಬಾಯಿ ಬಿಡಲಿಲ್ಲ. ತೆಲಿಗಿಯಿಂದ ಬರುತ್ತಿದ್ದ ಹುಡುಗಿ, ನನಗಿಂತ ಒಂದು ವರ್ಷ ದೊಡ್ಡವಳು. ಹಿಂದಿನ ದಿನವೇ ಊರು ಬಿಟ್ಟು, ಹರಪನಹಳ್ಳಿಯ ನೆಂಟರ ಮನೆಯಲ್ಲಿ ಉಳಿದು, ಬೆಳಗಿನ ಬಸ್ಸಿಗೆ ಬರುವವರು ಅವರು. ಅವಳ ತಂಗಿಗೆ ಆರು ವರ್ಷ. ಅವರ ಹನ್ನೊಂದು ಹೋದ ತಿಂಗಳೇ ಮುಗಿದಿತ್ತು. ಮುಂದೇನು ಅಂತ ಕೇಳಲು ತಾಯಿ ಕರೆದುಕೊಂಡು ಬಂದಿದ್ದಳು. "ನನ್ನ ಕೈಲಾದ್ದು ಇಷ್ಟಾ ತಾಯಿ" ಅಂದಿದ್ದ ಮುದುಕ.

"ನೀನು?" ಅಂತ ನಾನೇ ಕೇಳಿದೆ, ಗದರಿಸಿದಂತೆ.

ಅವಳು ಲಂಗದ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡಿದ್ದ ಎಡಗೈ ತೆಗೆದಳು. ಹಳೆ ಸೀರೆಯ ಅಂಚನ್ನು ಹರಿದು, ತನ್ನ ಮುಂಗೈಗೂ ತಂಗಿಯ ಮುಂಗೈಗೂ ಸೇರಿಸಿ ಗಂಟು ಹಾಕಿದ್ದಳು. ಔಷಧಿ ಇಲ್ಲದ ದಿನವೂ ಕಟ್ಟಿಕೊಂಡು ಬಂದಿದ್ದಳು. ಗಂಟಿನ ಕೆಳಗೆ ಚರ್ಮ ಕಪ್ಪಾಗಿತ್ತು.

"ನಾನು ಒಂದ್ಸಲನೂ ಬಿಟ್ಟಿಲ್ಲ," ಅಂದಳು. "ಮೊದಲನೇ ಅಮಾಸಿಯಿಂದ ಕಟ್ಟಿಕೆಂಡೇ ಬಂದೀನಿ. ಹನ್ನೊಂದೂ. ನೋಡ್ರಿ ಇಕಿನ್ನ."

ನೋಡಿದೆವು. ತಂಗಿ ಮೊದಲ ದಿನ ಹೇಗಿದ್ದಳೋ ಹಾಗೇ ಕುಂತಿದ್ದಳು, ಹಿಂದೆ ಮುಂದೆ ತೂಗುತ್ತಾ, ಬಾಯಂಚಿಗೆ ಜೊಲ್ಲು, ಮರದ ಸಂದಿಯ ಬೆಳಕಿಗೆ ಕಣ್ಣು.

ನನಗೆ ಸಂತೋಷವಾಯಿತು. ಬೈದರೆ ಬೈಯಿರಿ. ಎದೆಯ ಮೇಲಿನ ಕಲ್ಲು ಉರುಳಿಹೋಗಿ ಕುಣಿದಾಡುವಂಥ ಸಂತೋಷ. ನಾನು ಕೆಡಿಸಲಿಲ್ಲ! ಹಿಡಿದಿದ್ದರೂ ಇಷ್ಟೇ! ಆಮೇಲೆ ಅವಳ ಮುಖ ನೋಡಿದೆ. ನಮಗೆಲ್ಲ ಕೈ ಬಿಟ್ಟ ತಪ್ಪಾದರೂ ಇತ್ತು, ಹಿಡಿದಿದ್ದರೆ ಮಾತು ಬರುತ್ತಿತ್ತೇನೋ ಅಂದುಕೊಳ್ಳಬಹುದಿತ್ತು. ಅವಳಿಗೆ ಅದೂ ಇರಲಿಲ್ಲ. ಅವಳು ಸದ್ದಿಲ್ಲದೆ ಅಳುತ್ತಿದ್ದಳು, ತಂಗಿ ತೂಗಿದ ಹಾಗೆಲ್ಲ ಅವಳ ಕೈಯೂ ಹಿಂದೆ ಮುಂದೆ ಹೋಗುತ್ತಿತ್ತು.

"ತಾ ಇಲ್ಲಿ," ಅಂದೆ. ಗಂಟು ಬಿಗಿದುಹೋಗಿತ್ತು. ಒಂದು ಕೈಯಲ್ಲಿ ಬಿಚ್ಚಲು ಬರಲಿಲ್ಲ. ತಮ್ಮನ ಕೈಯನ್ನು ತಂಬ್ರಹಳ್ಳಿಯವನ ತೊಡೆ ಮೇಲೆ ಇಟ್ಟೆ. ಹೌದು, ಹನ್ನೊಂದನೆಯ ಅಮಾವಾಸ್ಯೆ, ಔಷಧಿ ನಾಲಿಗೆ ಮೇಲೆ ಇನ್ನೂ ಒಣಗಿರಲಿಲ್ಲ, ಇಟ್ಟೆ. ಎರಡೂ ಕೈ ಹಚ್ಚಿ, ಹಲ್ಲು ಹಚ್ಚಿ ಗಂಟು ಬಿಚ್ಚಿದೆ. "ಹೋಗು. ನಾವು ನೋಡ್ಕೊಂತೀವಿ. ಎಲ್ಲಿಗಾದ್ರೂ ಹೋಗಿ ಬಾ ಮಾರಾಯ್ತಿ."

ಅವಳು ಎದ್ದು ನಿಂತು ಸ್ವಲ್ಪ ಹೊತ್ತು ಕೈಗಳನ್ನು ಏನು ಮಾಡಬೇಕೋ ತಿಳಿಯದವಳಂತೆ ನೋಡಿಕೊಂಡಳು. ಆಮೇಲೆ ನಡೆದಳು, ಆಮೇಲೆ ಓಡಿದಳು. ಕೊಯ್ದ ಜೋಳದ ಹೊಲದ ನಡುವೆ, ಎರಡೂ ಕೈ ಬೀಸುತ್ತಾ, ಬೇಲಿಯವರೆಗೆ ಹೋಗಿ ಅಲ್ಲಿಂದ ತಿರುಗಿ, ಮತ್ತೆ ಬೇಲಿಯವರೆಗೆ. ಬಿಸಿಲಿಗೆ ಹೊಲವೆಲ್ಲಾ ಹಳದಿಯಾಗಿ ನೆಲವೂ ಆಕಾಶವೂ ಒಂದೇ ಆದಂತಿತ್ತು, ಅದರಲ್ಲಿ ಅವಳ ಹಸಿರು ಲಂಗ ತೇಲುತ್ತಿತ್ತು. ತಂಗಿ ತಲೆ ಎತ್ತಿಯೂ ನೋಡಲಿಲ್ಲ. ನನ್ನ ತಮ್ಮನ ಪಕ್ಕ ಕುಂತು ಅವನು ಸುರಿಯುವ ಎಲೆಗಳ ಕೆಳಗೆ ಅಂಗೈ ಹಿಡಿದಳು. ಅವನು ಅಂಗೈ ಮೇಲೆ ಸುರಿದ. ಅವನು ಇನ್ನೊಬ್ಬರಿಗೆ ಅಂತ ಏನಾದರೂ ಸುರಿದದ್ದು ನಾನು ಕಂಡಿದ್ದು ಅದೇ ಮೊದಲು.

ಹನ್ನೊಂದು ಮುಗಿದ ಮೇಲೂ ನಾವು ಹೋಗುವುದು ನಿಲ್ಲಲಿಲ್ಲ. ಮುದುಕ ತೀರಿಕೊಂಡ ಮೇಲೂ, ಎಂಬತ್ತರ ದಶಕ ಅರ್ಧ ಕಳೆಯುವವರೆಗೂ, ತಾಯಂದಿರು ಬುತ್ತಿ ಕಟ್ಟಿಕೊಂಡು ಆ ಮರಕ್ಕೆ ಬರುತ್ತಿದ್ದರು. "ಔಷಧಿ ಕೊಡಾವನೇ ಹೋಗ್ಯಾನ, ಯಾಕ ಹೋಗ್ತೀರಿ?" ಅಂತ ಅಪ್ಪ ಕೇಳಿದರೆ ಅವ್ವ "ನಿಮಗ ಮಿಲ್ಲೈತಿ, ಚಾದಂಗಡಿ ಐತಿ. ನನಗ ಏನೈತಿ?" ಅನ್ನುತ್ತಿದ್ದಳು. ಸರದಿ ಮೇಲೆ ಒಬ್ಬರ ಮಕ್ಕಳನ್ನು ಒಬ್ಬರು ನೋಡಿಕೊಳ್ಳುತ್ತಾ, ಉಳಿದವರು ಸೆರಗು ಹಾಸಿ ಮಲಗುತ್ತಿದ್ದರು. ನಿದ್ದೆ ಮಾಡಲಿಕ್ಕೆ ಅಷ್ಟು ದೂರ ಬಸ್ಸಿನಲ್ಲಿ ಬಂದ ಹೆಂಗಸರನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಹನ್ನೊಂದನೆಯ ದಿನ ನಾಲ್ಕರ ಬಸ್ಸಿಗೆ ರಸ್ತೆಗೆ ಬಂದು ನಿಂತಾಗ ತಮ್ಮನ ಕೈ ನನ್ನ ಕೈಯಲ್ಲಿರಲಿಲ್ಲ. ಅವನು ಎರಡು ಹೆಜ್ಜೆ ಆಚೆ ಕುಂತು ಮಣ್ಣು ಸುರಿಯುತ್ತಿದ್ದ. ಅವ್ವ ನೋಡಿದಳು, ಏನೂ ಅನ್ನಲಿಲ್ಲ. ಅವಳು ಅನ್ನದೇ ಇದ್ದದ್ದಕ್ಕೆ ನನಗೆ ತಡೆಯಲಾಗಲಿಲ್ಲ.

"ಅವ್ವಾ, ನಾನು ಕೈ ಬಿಟ್ಟಿದ್ದೆ. ಇವತ್ತಲ್ಲ, ಮೂರನೇ ಅಮಾಸಿಗಿ. ಬಸ್ಸಿನ್ಯಾಗ."

"ಗೊತ್ತೈತಿ," ಅಂದಳು. ಮಡಿಲಿನ ಶೇಂಗಾ ಸುಲಿಯುತ್ತಲೇ ಇದ್ದಳು.

"ನಿನಗ ಹೆಂಗ ಗೊತ್ತು? ನಿದ್ದಿ ಮಾಡ್ತಿದ್ದೆಲ್ಲ!"

"ಎಲ್ಲಿ ನಿದ್ದಿ? ನಿನ್ನ ಗೆಳತ್ಯಾರು ಹತ್ತಿದ್ರು. ನೀನು ಕೈ ತಗದಿ. ಅವರ ಜೋಡಿ ಮಾತಾಡಾಕತ್ತಿದಿ, ನಗಾಕತ್ತಿದಿ. ಎಷ್ಟು ದಿನಾ ಆಗಿತ್ತು ನೀನು ಹಂಗ ನಕ್ಕು. ನಾನು ಆಕಡಿ ಮಾರಿ ಮಾಡಿ ಕುಂತೆ."

"ಔಷಧಿ ಕೆಡತಿತ್ತಲ್ಲವ್ವಾ?"

"ಕೆಟ್ರ ಕೆಡಲಿ ಅಂದಕೊಂಡೆ." ಸುಲಿದ ಕಾಳುಗಳನ್ನು ನನ್ನ ಅಂಗೈಗೆ ಹಾಕಿದಳು. "ನೀನೂ ನಾ ಹಡದಾಕೀನ ಅಲ್ಲೇನು?"

ಬಸ್ಸು ಬಂತು, ಹತ್ತಿದೆವು. ಆವತ್ತು ಅದನ್ನು ನಾನು ಬರೀ ಕ್ಷಮೆ ಅಂದುಕೊಂಡಿದ್ದೆ. ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ನನಗೇ ಮಕ್ಕಳಾದ ಮೇಲೆ ಒಂದು ಮಧ್ಯಾಹ್ನ ತಟ್ಟನೆ ಹೊಳೆದು, ಮಾಡುತ್ತಿದ್ದ ಕೆಲಸ ಬಿಟ್ಟು ಅಡುಗೆಮನೆಯ ನೆಲದ ಮೇಲೆ ಕುಂತು ಅತ್ತೆ. ಆ ಮೂರನೆಯ ಅಮಾವಾಸ್ಯೆಯಲ್ಲಿ ಅವ್ವ ಔಷಧಿಯನ್ನು ಪೂರ್ತಿ ನಂಬಿದ್ದಳು, ನಂಬಿಯೂ ಆಕಡೆ ಮುಖ ಮಾಡಿದ್ದಳು.